ಮಲಪ್ರಭೆಯ ದಂಡೆಯಲ್ಲಿ ಎಂಬತ್ತರ ದಶಕದ ಹಾಡುಗಳು

(ಉಪನ್ಯಾಸದ ಬರಹ ರೂಪ)



‘ನಿನಗೆ ಭಾಳ ಸೇರಿದ ಹಾಡು ಯಾವುದು?’ ಎಂಬ ಪ್ರಶ್ನೆಗೆ ಇಂದು ಉತ್ತರ ಹೇಳುವುದು ಕಷ್ಟ. ಕಿಸೆಯಲ್ಲಿರುವ ಮೊಬೈಲಿನೊಳಗೆ ಬೇಕಾದಷ್ಟು ಹಾಡುಗಳಿವೆ. ಒಂದನ್ನು ಆರಿಸಿ ಇನ್ನೊಂದನ್ನು ಬಿಡಬೇಕಾದ ಪ್ರಸಂಗವೇ ಬರುವುದಿಲ್ಲ. ಎಂಬತ್ತರ ದಶಕದಲ್ಲಿ ಹಾಗಿರಲಿಲ್ಲ. ಬೈಲಹೊಂಗಲದ ಪೇಟೆಗೆ ಹತ್ತಿ ತಂದ ರೈತನ ಮಗ, ರಾಮದುರ್ಗದ ನೇಕಾರರ ಓಣಿಯ ತರುಣ, ಸವದತ್ತಿಯ ಕಾಲೇಜು ವಿದ್ಯಾರ್ಥಿ, ಕಿತ್ತೂರಿನ ಚಹಾದಂಗಡಿಯ ಮಾಲೀಕ, ಇವರಲ್ಲಿ ಯಾರೇ ಆಗಲಿ ಖಾಲಿ ಕ್ಯಾಸೆಟ್ಟೊಂದನ್ನು ಹಿಡಿದು ರೆಕಾರ್ಡಿಂಗ್ ಅಂಗಡಿಗೆ ಹೋದರೆ ಮೊದಲು ಮಾಡಬೇಕಾಗಿದ್ದ ಕೆಲಸವೆಂದರೆ, ನೋಟ್‌ಬುಕ್ಕಿನ ಹಾಳೆಯಲ್ಲಿ ಹಾಡುಗಳ ಪಟ್ಟಿ ಬರೆದುಕೊಡುವುದು.

ಕ್ಯಾಸೆಟ್ಟು 60 ನಿಮಿಷದ್ದು. ಎ ಬದಿಗೆ ಅರ್ಧ ತಾಸು, ಬಿ ಬದಿಗೆ ಅರ್ಧ ತಾಸು. ಸಿನಿಮಾ ಹಾಡೊಂದು ನಾಲ್ಕೂವರೆ ನಿಮಿಷವೆಂದು ಹಿಡಿದರೆ ಎರಡೂ ಬದಿ ಸೇರಿ ಹನ್ನೆರಡು ಹಾಡು ಹಿಡಿದಾವು. ಹದಿಮೂರನೆಯದು ನಡುವೆಯೇ ತುಂಡಾಗುತ್ತಿತ್ತು. ಆದ್ದರಿಂದ ಹಾಳೆಯ ಮೇಲೆ ಬರೆದ ಹಾಡುಗಳಲ್ಲಿ ಯಾವುದು ಮೊದಲು, ಯಾವುದು ಕೊನೆಗೆ, ಯಾವುದನ್ನು ಹೊಡೆದುಹಾಕಬೇಕು ಎಂಬ ಬಗ್ಗೆ ಅಂಗಡಿಯ ಕಟ್ಟೆಯ ಮೇಲೆ ಗೆಳೆಯರ ನಡುವೆ ಚರ್ಚೆ, ಕೆಲವೊಮ್ಮೆ ಜಗಳ ನಡೆಯುವುದು ಸಹಜವೇ ಆಗಿತ್ತು. ಇಷ್ಟದ ಹಾಡುಗಳಿಗೆ ಅಂಕಿ ಹಾಕುವ ಅಭ್ಯಾಸ ಸಾಮಾನ್ಯ ಜನರ ಕೈಗೆ ಬಂದದ್ದು ಹೀಗೆ.

ಅದಕ್ಕೂ ಮೊದಲು ಅಂಕಿ ಹಾಕುವ ಅಧಿಕಾರ ಬೇರೆಯವರ ಕೈಯಲ್ಲಿತ್ತು. 1952ರಲ್ಲಿ ರೇಡಿಯೋ ಸಿಲೋನಿನಿಂದ ಆರಂಭವಾದ ‘ಬಿನಾಕಾ ಗೀತಮಾಲಾ’ ಕಾರ್ಯಕ್ರಮವನ್ನು ಈ ಸಭೆಯಲ್ಲಿರುವ ಹಿರಿಯರು ಮರೆತಿರಲಾರರು. ಬುಧವಾರ ರಾತ್ರಿ 8 ಗಂಟೆಗೆ ಅಮೀನ್ ಸಯಾನಿ ಅವರ ಧ್ವನಿ ಕೇಳಿದರೆ ಓಣಿಯ ಜನ ರೇಡಿಯೋ ಇದ್ದ ಮನೆಯ ಕಟ್ಟೆಗೆ ಬಂದು ಕೂರುತ್ತಿದ್ದರು. ಸಯಾನಿ ಹಾಡುಗಳನ್ನು ‘ಪಾಯದಾನ್’ ಎಂದರೆ ಮೆಟ್ಟಿಲುಗಳ ಮೇಲೆ ಏರಿಸುತ್ತ, ಇಳಿಸುತ್ತ ಹೋಗುತ್ತಿದ್ದರು. ರೆಕಾರ್ಡುಗಳ ಮಾರಾಟ ಹಾಗೂ ಶ್ರೋತೃ ಸಂಘಗಳ ಅಭಿಪ್ರಾಯ ಆ ಮೆಟ್ಟಿಲುಗಳಿಗೆ ಆಧಾರ. ಆದರೆ ಅಲ್ಲಿ ಇದ್ದದ್ದೆಲ್ಲ ಹಿಂದಿ ಹಾಡು. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯಿಂದ ಕನ್ನಡ ಹಾಡು ಬರುತ್ತಿತ್ತು, ಕೋರಿಕೆಯ ಕಾಗದ ಬರೆದವರ ಹೆಸರು ಊರಿನೊಂದಿಗೆ ಓದಲಾಗುತ್ತಿತ್ತು. ಅಲ್ಲಿ ಮೊದಲನೆಯದು, ಎರಡನೆಯದು ಎಂಬ ಪಂಕ್ತಿಭೇದವಿರಲಿಲ್ಲ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗವನ್ನು ಮುಂದಿಟ್ಟುಕೊಂಡು ಆ ದಶಕದ ಹಾಡುಗಳಿಗೆ ಒಂದು ಪಟ್ಟಿ ಮಾಡಿದರೆ ಹೇಗಿದ್ದೀತು ಎಂಬುದೇ ಈ ಹೊತ್ತಿನ ವಿಷಯ. ಬೆಳಗಾವಿ ಶಹರದಲ್ಲಿ ಮರಾಠಿ, ಹಿಂದಿ ಹಾಡುಗಳ ಪ್ರಭಾವ ದೊಡ್ಡದು. ಮಲಪ್ರಭೆಯ ಈ ಸೀಮೆ ಅಪ್ಪಟ ಕನ್ನಡದ್ದು. ಆದರೆ ಇಲ್ಲಿಯ ಕನ್ನಡ ಬೇರೆ, ಸಿನಿಮಾ ಹಾಡಿನ ಕನ್ನಡ ಬೇರೆ. ಈ ಅಂತರವನ್ನು ದಾಟಿ ಬಂದ ಹಾಡಿಗೆ ಮಾತ್ರ ಇಲ್ಲಿ ಅಂಕಿ. ಅಂದರೆ ಅಳತೆಗೋಲು ರಾಗದ ಸೊಬಗಲ್ಲ, ಚಿತ್ರ ಎಷ್ಟು ವಾರ ಓಡಿತೆಂಬುದೂ ಅಲ್ಲ. ಹಾಡು ತನ್ನ ಸಿನಿಮಾವನ್ನು ಬಿಟ್ಟು ಊರೊಳಗೆ ಬಂದಿತೇ, ಬಂದು ಮದುವೆಗೋ ಭಜನೆಗೋ ಅಳುವ ಕೂಸಿಗೋ ಒದಗಿತೇ, ಇಷ್ಟೇ ಲೆಕ್ಕ. ಈ ಲೆಕ್ಕ ಒಪ್ಪಿಗೆಯಾಗದವರು ತಮ್ಮ ಹಾಳೆಯನ್ನು ತಾವೇ ಬರೆದುಕೊಳ್ಳಬಹುದು.

ಬಿನಾಕಾದ ಕ್ರಮದಲ್ಲೇ ಕೆಳಗಿನಿಂದ ಆರಂಭಿಸೋಣ.

ಏಳನೆಯ ಸ್ಥಾನ 1983ರ ‘ಪಲ್ಲವಿ ಅನುಪಲ್ಲವಿ’ ಚಿತ್ರದಲ್ಲಿ ಎಸ್. ಜಾನಕಿ ಹಾಡಿದ ಮಂಜಿನ ಹನಿಯ ಹಾಡಿಗೆ. ಮಣಿರತ್ನಂ ಅವರ ಮೊದಲ ಚಿತ್ರವಿದು, ನಾಯಕ ಅನಿಲ್ ಕಪೂರ್, ಸಂಗೀತ ಇಳಯರಾಜ ಅವರದು. ಸಂಗೀತದ ದೃಷ್ಟಿಯೊಂದರಿಂದಲೇ ನೋಡಿದರೆ ಇದು ಬಹುಶಃ ಈ ಪಟ್ಟಿಯ ನೆತ್ತಿಯ ಮೇಲೆ ಇರಬೇಕಾದ ಹಾಡು. ಆ ಚಿತ್ರದ ಮೂಲಧಾಟಿಯನ್ನು ಮುಂದೆ ಮೊಬೈಲ್ ಕಂಪನಿಯೊಂದು ಜಾಹೀರಾತಿಗೆ ಬಳಸಿಕೊಂಡದ್ದರಿಂದ, ಚಿತ್ರದ ಹೆಸರೇ ಗೊತ್ತಿಲ್ಲದ ಉತ್ತರ ಭಾರತದವರೂ ಅದನ್ನು ಗುನುಗಿದರು. ಆದರೂ ಇಲ್ಲಿ ಅದಕ್ಕೆ ಏಳನೆಯ ಸ್ಥಾನ. ಕಾರಣವಿಷ್ಟೇ: ಅದು ಒಬ್ಬರೇ ಕೂತು ಕೇಳುವ ಹಾಡು. ಮದುವೆಯ ಬ್ಯಾಂಡಿನವರು ಅದನ್ನು ನುಡಿಸಲಾರರು, ಜಾತ್ರೆಯ ಸ್ಪೀಕರಿನ ಗದ್ದಲದಲ್ಲಿ ಅದು ನಿಲ್ಲಲಾರದು.

ಆರನೆಯದು 1984ರ ‘ಬಂಧನ’ ಚಿತ್ರದ ನೂರೊಂದು ನೆನಪುಗಳ ಹಾಡು. ಎಂ. ರಂಗರಾವ್ ಸಂಗೀತ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಕಂಠ. ಪ್ರೇಮದಲ್ಲಿ ಸೋತವನ ಹಾಡಿಗೆ ಊರೂರಿನಲ್ಲಿ ಗಿರಾಕಿಗಳಿರುತ್ತಾರೆ, ವಿವರ ಬೇಕಿಲ್ಲ. ತೆಲುಗು ಮನೆಮಾತಿನ ಗಾಯಕನೊಬ್ಬ ವಿಷ್ಣುವರ್ಧನ್ ಅವರ ಮುಖಕ್ಕೆ ಎಷ್ಟು ಒಗ್ಗಿದ ಕನ್ನಡದಲ್ಲಿ ಹಾಡಿದರೆಂದರೆ, ವಿಷ್ಣುವರ್ಧನ್ ಅವರೇ ಹಾಡಿದ್ದಾರೆಂದು ವಾದ ಮಾಡುವವರು ಸಿಗುತ್ತಿದ್ದರು.

ಐದನೆಯ ಸ್ಥಾನಕ್ಕೆ ಬಂದಾಗ ಒಂದು ತೊಡಕು ಎದುರಾಗುತ್ತದೆ. 1987ರ ‘ಪ್ರೇಮಲೋಕ’ದಿಂದ ಯಾವ ಹಾಡನ್ನು ಆರಿಸುವುದು? ರವಿಚಂದ್ರನ್, ಜೂಹಿ ಚಾವ್ಲಾ ನಟಿಸಿದ ಆ ಚಿತ್ರಕ್ಕೆ ಸಾಹಿತ್ಯ, ಸಂಗೀತ ಎರಡೂ ಹಂಸಲೇಖ ಅವರದು. ‘ಲಹರಿ’ ಸಂಸ್ಥೆ ತಂದ ಅದರ ಕ್ಯಾಸೆಟ್ಟನ್ನು ಜನ ಹಾಡು ಹಾಡಾಗಿ ಕೇಳಲಿಲ್ಲ. ಈ ತುದಿಯಿಂದ ಆ ತುದಿಯವರೆಗೆ ಇಡಿಯಾಗಿ ಕೇಳಿದರು. ಅಲ್ಲಿಯವರೆಗಿನ ಸಿನಿಮಾ ಸಾಹಿತ್ಯದಲ್ಲಿ ಚಂದಿರ, ತಂಗಾಳಿ, ಮಲ್ಲಿಗೆ ಇರಬೇಕಿತ್ತು. ಹಂಸಲೇಖ ಅವರು ಕಾಲೇಜು ಹುಡುಗರು ಆಡುವ ಮಾತನ್ನೇ ತಾಳಕ್ಕೆ ಕೂಡಿಸಿದರು, ಪ್ರಶ್ನೆಗೆ ಉತ್ತರ, ಉತ್ತರಕ್ಕೆ ಮರುಪ್ರಶ್ನೆ. ಹಳ್ಳಿಗಳಿಂದ ಸವದತ್ತಿ, ಬೈಲಹೊಂಗಲದ ಕಾಲೇಜುಗಳಿಗೆ ಬಸ್ಸಿನಲ್ಲಿ ಬರುತ್ತಿದ್ದ ಹುಡುಗರಿಗೆ ಅದು ಬೆಂಗಳೂರಿನ ಭಾಷೆಯಾದರೂ ತಮ್ಮ ವಯಸ್ಸಿನ ಭಾಷೆಯಾಗಿ ಕೇಳಿಸಿತು. ಅದೇ ಕಾಲಕ್ಕೆ ಕೀಬೋರ್ಡು, ಯಂತ್ರದ ತಾಳ ಬಂದು ತಬಲಾ, ವಯೊಲಿನ್ ಹಿಂದೆ ಸರಿದವು. ಆ ಬದಲಾವಣೆ ಎಲ್ಲರಿಗೂ ಹಿತವಾಗಲಿಲ್ಲ. ಹಿರಿಯರು ‘ಇದೇನು ಹಾಡೋ ಒದರಾಟೋ’ ಎಂದರು. ಹಾಗೆಂದವರ ಮನೆಯ ಮಕ್ಕಳ ಮದುವೆಯಲ್ಲೂ ಅದೇ ಕ್ಯಾಸೆಟ್ಟು ಮೊಳಗಿತು. ಇಡೀ ಕ್ಯಾಸೆಟ್ಟಿಗೆ ಐದನೆಯ ಸ್ಥಾನ ಕೊಟ್ಟು ಮುಂದೆ ಸಾಗುವುದೇ ವಾಸಿ.

ನಾಲ್ಕನೆಯದು ಶಂಕರನಾಗ್ ನಿರ್ದೇಶಿಸಿ ನಟಿಸಿದ 1981ರ ‘ಗೀತಾ’ ಚಿತ್ರದ ಯುಗಳಗೀತೆ. ಚಿ. ಉದಯಶಂಕರ್ ಸಾಹಿತ್ಯ, ಇಳಯರಾಜ ಸಂಗೀತ, ಎಸ್.ಪಿ. ಮತ್ತು ಜಾನಕಿ ಗಾಯನ. ಇದೇ ಧಾಟಿಯನ್ನು ಇಳಯರಾಜ ಅವರು 2007ರ ‘ಚೀನಿ ಕಮ್’ ಹಿಂದಿ ಚಿತ್ರದಲ್ಲಿ ಮತ್ತೆ ಬಳಸಿದಾಗ, ‘ಇದು ನಮ್ಮ ಶಂಕರನ ಹಾಡಲ್ಲವೇ’ ಎಂದು ಕನ್ನಡದವರು ಹುಬ್ಬೇರಿಸಿದ್ದುಂಟು. ಆ ‘ನಮ್ಮ’ ಎಂಬ ಮಾತಿಗೆ ಈ ಭಾಗದಲ್ಲಿ ಇನ್ನೂ ಒಂದು ಕಾರಣವಿದೆ. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ನಾಟಕ ಚಲನಚಿತ್ರವಾಗಬೇಕಿತ್ತು. ಅದರ ಚಿತ್ರೀಕರಣಕ್ಕಾಗಿ ಲೋಕಾಪುರಕ್ಕೆ ಬರುತ್ತಿದ್ದಾಗಲೇ, 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ನಡೆದ ಅಪಘಾತದಲ್ಲಿ ಶಂಕರನಾಗ್ ತೀರಿಕೊಂಡರು. ಲೋಕಾಪುರವೆಂದರೆ ರಾಮದುರ್ಗದ ನೆರೆಯ ಊರು. ಕಂಬಾರರ ಹುಟ್ಟೂರು ಘೋಡಗೇರಿ ಇದೇ ಬೆಳಗಾವಿ ಜಿಲ್ಲೆಯದು. ತೆರೆಯ ಮೇಲೆ ಮಾತ್ರ ನೋಡಿದ್ದ ಆ ನಟ ಈ ಸೀಮೆಯ ಕಥೆಯನ್ನು ಈ ಸೀಮೆಯ ಮಾತಿನಲ್ಲಿ ಆಡಲು ಬರುವವನಿದ್ದ. ಬರಲಿಲ್ಲ. ಆಮೇಲೆ ‘ಗೀತಾ’ದ ಹಾಡನ್ನು ಮೊದಲಿನಂತೆ ಕೇಳುವುದು ಅನೇಕರಿಗೆ ಸಾಧ್ಯವಾಗಲಿಲ್ಲ.

ಕಂಬಾರರ ಹೆಸರು ಬಂದದ್ದರಿಂದ ಒಂದು ಮಾತು. ಅವರ ‘ಕಾಡು ಕುದುರೆ’ಯ ಹಾಡಿಗೆ ಈ ಪಟ್ಟಿಯಲ್ಲಿ ಎತ್ತರದ ಸ್ಥಾನ ಸಿಗಬೇಕಿತ್ತು. ಅದನ್ನು ಹಾಡಿದ ಶಿವಮೊಗ್ಗ ಸುಬ್ಬಣ್ಣ ಅವರಿಗೆ ರಾಷ್ಟ್ರಪ್ರಶಸ್ತಿಯೇ ಬಂದಿತು. ಆದರೆ ಚಿತ್ರ 1979ರದು, ದಶಕದ ಹೊಸ್ತಿಲ ಹೊರಗೆ ನಿಂತುಬಿಟ್ಟಿದೆ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟು 1978ರಲ್ಲಿ ಬಂದದ್ದು, ಅದೂ ಹೊರಗೇ. ಪಟ್ಟಿಯೆಂದ ಮೇಲೆ ಇಂಥ ಅನ್ಯಾಯ ಇದ್ದದ್ದೇ.

ಮೂರನೆಯ ಮತ್ತು ಎರಡನೆಯ ಸ್ಥಾನದ ಹಾಡುಗಳು ಒಂದೇ ಚಿತ್ರದವು. 1982ರ ‘ಚಲಿಸುವ ಮೋಡಗಳು’. ನಿರ್ದೇಶನ ಸಿಂಗೀತಂ ಶ್ರೀನಿವಾಸರಾವ್, ಸಂಗೀತ ಮೈಸೂರಿನ ಸಹೋದರರಾದ ರಾಜನ್-ನಾಗೇಂದ್ರ. ಅದರಲ್ಲಿ ಕನ್ನಡ ಭಾಷೆಯ ಸವಿಯನ್ನು ಜೇನಿಗೂ ಹಾಲಿಗೂ ಹೋಲಿಸಿ ರಾಜಕುಮಾರ್ ಹಾಡಿದ ಹಾಡೊಂದಿದೆ, ಯಾವುದೆಂದು ಹೇಳಬೇಕಾಗಿಲ್ಲ. ಅದು ಎಂಥ ವರ್ಷದಲ್ಲಿ ಬಂತೆಂಬುದನ್ನು ಗಮನಿಸಬೇಕು. ಶಾಲೆಗಳಲ್ಲಿ ಕನ್ನಡದ ಸ್ಥಾನ ಕುರಿತು ಸರಕಾರ 1980ರಲ್ಲಿ ವಿ.ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿ ನೇಮಿಸಿತು. ಮರುವರ್ಷ ವರದಿ ಬಂತು. ಅದು ಜಾರಿಯಾಗಬೇಕೆಂದು ಎದ್ದ ಚಳವಳಿಗೆ 1982ರಲ್ಲಿ ರಾಜಕುಮಾರ್ ಧುಮುಕಿದ ಮೇಲೆ ಅದರ ಸ್ವರೂಪವೇ ಬದಲಾಯಿತು. ಸಾಹಿತಿಗಳ, ಅಧ್ಯಾಪಕರ ಚಳವಳಿ ಹಳ್ಳಿಯವರ ಚಳವಳಿಯೂ ಆಯಿತು. ಅದೇ ವರ್ಷ, ಅದೇ ಧ್ವನಿಯಲ್ಲಿ, ಸಿನಿಮಾದೊಳಗೆ ಈ ಹಾಡು.

ಗಡಿ ಜಿಲ್ಲೆಯಲ್ಲಿ ಇದಕ್ಕೆ ಸಿಕ್ಕ ಅರ್ಥ ಮೈಸೂರಿನಲ್ಲಿ ಸಿಕ್ಕಿರಲಾರದು. ಅಲ್ಲಿ ಅದು ಭಾಷೆಯ ಹೊಗಳಿಕೆ. ಇಲ್ಲಿ ಅದು ಹಕ್ಕಿನ ಮಾತು. ಬೆಳಗಾವಿಯಲ್ಲಿ ಬೋರ್ಡು ಯಾವ ಭಾಷೆಯಲ್ಲಿರಬೇಕೆಂಬುದೇ ಜಗಳವಾಗಿದ್ದ ಕಾಲದಲ್ಲಿ, ಚಹಾದಂಗಡಿಯವನು ಈ ಹಾಡನ್ನು ಸ್ವಲ್ಪ ಜೋರಾಗಿ ಹಚ್ಚುವುದು ಕೂಡ ಒಂದು ನಿಲುವೇ ಆಗಿತ್ತು. ಆದರೆ ಒಂದು ಸಂಗತಿಯನ್ನು ಮುಚ್ಚಿಡಬಾರದು. ಆ ಹಾಡಿನ ಕನ್ನಡ ಪುಸ್ತಕದ ಕನ್ನಡ, ತಿದ್ದಿದ ಕನ್ನಡ. ‘ಹೋಗ್ತೇನಿ, ಬರ್ತೇನಿ, ಹಿಂಗ್ಯಾಕ’ ಎಂದು ಮಾತಾಡುವ ಊರಿನವರು ತಮ್ಮ ಭಾಷೆಯ ಅಭಿಮಾನವನ್ನು ಇನ್ನೊಂದು ಸೀಮೆಯ ಉಚ್ಚಾರದಲ್ಲಿ ಹಾಡಿಕೊಳ್ಳಬೇಕಾಯಿತು. ಆ ಕಾಲದ ಸಿನಿಮಾದಲ್ಲಿ ಈ ಕಡೆಯ ಮಾತು ಬಂದರೆ ಹೆಚ್ಚಾಗಿ ನಗಿಸುವುದಕ್ಕಾಗಿ ಬರುತ್ತಿತ್ತು. ಹಾಡಿಗೆ ಮೂರನೆಯದಕ್ಕಿಂತ ಮೇಲಿನ ಸ್ಥಾನ ಸಿಗದಿರುವುದು ಇದೊಂದೇ ಕಾರಣಕ್ಕೆ.

ಎರಡನೆಯ ಸ್ಥಾನದ ಹಾಡನ್ನು ಹಾಡಿದವನು ಏಳು ವರ್ಷದ ಹುಡುಗ. ಮಾಯವಾಗಿ ಹೋದ ಶಿವನನ್ನು ಹುಡುಕುವ, ಅವನನ್ನು ಸ್ವಲ್ಪ ಗೇಲಿಯನ್ನೂ ಮಾಡುವ ಹಾಡದು. ಚಿತ್ರದ ಪಟ್ಟಿಯಲ್ಲಿ ಆ ಹುಡುಗ ಮಾಸ್ಟರ್ ಲೋಹಿತ್. ಮುಂದೆ ಅವನೇ ಪುನೀತ್ ರಾಜಕುಮಾರ್. ಶಿವನ ಮೇಲಿನ ಸಲಿಗೆ ಶರಣರ ನಾಡಿನವರಿಗೆ ಹೊಸದಲ್ಲ, ಸೊಗಲದ ಸೋಮೇಶ್ವರ, ಗೊಡಚಿಯ ವೀರಭದ್ರರ ಜಾತ್ರೆಗೆ ಹೋಗುವ ಮಕ್ಕಳಿಗೆ ಅದು ತಕ್ಷಣ ಬಾಯಿಪಾಠವಾಯಿತು. ಶಾಲೆಯ ಗ್ಯಾದರಿಂಗುಗಳಲ್ಲಿ ವರ್ಷಕ್ಕೊಬ್ಬ ಹುಡುಗ ಅದನ್ನು ಹಾಡುತ್ತಲೇ ಬಂದ. ಮೂವತ್ತೊಂಬತ್ತು ವರ್ಷ ಅದು ಮಕ್ಕಳ ಹಾಡಾಗಿಯೇ ಇತ್ತು. 2021ರ ಅಕ್ಟೋಬರ್ 29ರಂದು ಪುನೀತ್ 46ನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಾಗ, ಅದೇ ಹಾಡು, ಅದೇ ಎಳೆಯ ಧ್ವನಿ, ಕಾಣದಂತೆ ಹೋದವನ ಕುರಿತೇ ಹಾಡಿದಂತೆ ಊರೂರುಗಳ ವೃತ್ತಗಳಲ್ಲಿ ಕೇಳಿಬಂತು. ಒಂದಕ್ಷರವೂ ಬದಲಾಗದೆ ಹಾಡಿನ ಅರ್ಥ ಪೂರ್ತಿ ಬದಲಾದದ್ದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಕನ್ನಡದಲ್ಲಿ ಸಿಗುವುದು ಕಷ್ಟ. ಕಿತ್ತೂರಿನ ಜನ ಚೆನ್ನಮ್ಮನ ಲಾವಣಿ ಕೇಳಿ ಅಳುತ್ತಾರೆ. ಅದು ಅಳಿಸಲೆಂದೇ ಕಟ್ಟಿದ ಹಾಡು. ಇದು ನಗಿಸಲೆಂದು ಕಟ್ಟಿದ್ದು.

ಇನ್ನು ಮೊದಲನೆಯ ಸ್ಥಾನ. ಅದು ಸಿನಿಮಾ ಹಾಡಲ್ಲ. ಸಂತ ಶಿಶುನಾಳ ಶರೀಫರ ‘ಕೋಡಗನ ಕೋಳಿ’ ತತ್ವಪದ, ಕ್ಯಾಸೆಟ್ಟಿನಲ್ಲಿ ಬಂದದ್ದು.

ಶರೀಫರು (1819-1889) ಇಂದಿನ ಹಾವೇರಿ ಜಿಲ್ಲೆಯ ಶಿಶುನಾಳದವರು, ಗುರು ಕಳಸದ ಗೋವಿಂದಭಟ್ಟರು. ಸವದತ್ತಿಗೆ ಹೊಂದಿಕೊಂಡ ನವಲಗುಂದದ ನಾಗಲಿಂಗ ಯತಿಗಳೊಂದಿಗೆ ಶರೀಫರಿಗಿದ್ದ ಗೆಳೆತನದ ಕಥೆಗಳನ್ನು ಈ ಭಾಗದ ಭಜನಾ ಮೇಳಗಳವರು ಇಂದಿಗೂ ಹೇಳುತ್ತಾರೆ. ದೊಡ್ಡದನ್ನು ಚಿಕ್ಕದು ನುಂಗುತ್ತ ಹೋಗುವ ಒಗಟಿನ ಪದ ಇದು. ಕೊನೆಗೆ ಎಲ್ಲವನ್ನೂ ನುಂಗುವುದು ಗುರುಪಾದ. ಮಕ್ಕಳಿಗೆ ತಮಾಷೆ, ಮುದುಕರಿಗೆ ವೇದಾಂತ. ಅಮಾವಾಸ್ಯೆಯ ಭಜನೆಯಲ್ಲಿ ತಾಳ, ಹಾರ್ಮೋನಿಯಂ, ಡಗ್ಗದೊಂದಿಗೆ ತಲೆಮಾರುಗಳಿಂದ ಹಾಡುತ್ತ ಬಂದದ್ದು. ಅಂದರೆ ಹಾಡು ಊರಿಗೆ ಬಂದದ್ದಲ್ಲ, ಊರಲ್ಲೇ ಇದ್ದದ್ದು.

ಎಂಬತ್ತರ ದಶಕದಲ್ಲಿ ಆದದ್ದು ಬೇರೆ. ಚನ್ನರಾಯಪಟ್ಟಣದಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿದ ಸಿ. ಅಶ್ವಥ್ ಈ ಪದಗಳಿಗೆ ತಮ್ಮದೇ ರಾಗ ಕೂಡಿಸಿದರು. ಅಶ್ವಥ್, ಶಿವಮೊಗ್ಗ ಸುಬ್ಬಣ್ಣ ಅವರ ಧ್ವನಿಯಲ್ಲಿ ಶರೀಫರು ಕ್ಯಾಸೆಟ್ಟಿಗೆ ಬಂದರು. ಕಲಿತ ಪಟ್ಟಣಿಗರು ಧಾರವಾಡ-ಬೆಳಗಾವಿ ಸೀಮೆಯ ಮಾತನ್ನು ನಗೆಯ ಸರಕಾಗಿಯಲ್ಲದೆ ಕಾವ್ಯವಾಗಿ ಕೇಳಿದರು. 1990ರಲ್ಲಿ ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದಾಗ ಅದರ ಸಂಗೀತವೂ ಅಶ್ವಥ್ ಅವರದೇ. ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡ ಗೋವಿಂದಭಟ್ಟರಾಗಿ ನಟಿಸಿದರು, ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಬಂತು. ಹೀಗೆ ಇಲ್ಲಿಂದ ಹೋದ ಹಾಡು ಬೆಂಗಳೂರನ್ನು ಗೆದ್ದು ಕ್ಯಾಸೆಟ್ಟಿನ ಡಬ್ಬಿಯಲ್ಲಿ ಕೂತು ಊರಿಗೆ ಮರಳಿತು.

ಮರಳಿ ಬಂದಾಗ ಊರವರು ಹಿಗ್ಗಿದರು. ಆದರೆ ಹಿಗ್ಗಿನ ಜೊತೆಗೆ ಒಂದು ನಷ್ಟವೂ ಬಂತು. ಅದೇ ಪದಕ್ಕೆ ಒಂದೊಂದು ಊರಿನ ಭಜನಾ ಮೇಳ ಒಂದೊಂದು ಧಾಟಿ ಇಟ್ಟುಕೊಂಡಿತ್ತು. ಅಶ್ವಥ್ ಅವರ ಧಾಟಿ ಎಷ್ಟು ಗಟ್ಟಿಯಾಗಿ ಕೂತಿತೆಂದರೆ, ಈಗ ಹತ್ತು ಜನರಿಗೆ ‘ಕೋಡಗನ ಕೋಳಿ’ ಹಾಡಿರೆಂದರೆ ಒಂಬತ್ತು ಜನ ಕ್ಯಾಸೆಟ್ಟಿನ ಧಾಟಿಯಲ್ಲೇ ಹಾಡುತ್ತಾರೆ. ಅದು ಅಶ್ವಥ್ ಅವರ ತಪ್ಪಲ್ಲ. ಒಳ್ಳೆಯ ಧಾಟಿ ಕಟ್ಟುವುದು ತಪ್ಪಾಗುವುದೆಂತು? (2009ರ ಡಿಸೆಂಬರ್ 29ರಂದು ಅಶ್ವಥ್, ಮರುದಿನವೇ ವಿಷ್ಣುವರ್ಧನ್ ತೀರಿಕೊಂಡರು. ಆ ವರ್ಷದ ಕೊನೆಯ ವಾರ ಈ ಪಟ್ಟಿಯ ಎರಡು ಹಾಡುಗಳನ್ನು ಒಟ್ಟಿಗೇ ಅನಾಥ ಮಾಡಿತು.) ಆದರೂ ಮೊದಲನೆಯ ಸ್ಥಾನ ಇದಕ್ಕೇ. ಈ ಸೀಮೆಯವರು ತಮ್ಮ ನಾಲಿಗೆಯನ್ನು ತಿದ್ದಿಕೊಳ್ಳದೆ ಹಾಡಬಹುದಾದ, ಇಡೀ ಕರ್ನಾಟಕ ತನ್ನ ನಾಲಿಗೆಯನ್ನು ಈ ಸೀಮೆಗೆ ತಿದ್ದಿಕೊಂಡು ಹಾಡಿದ ಹಾಡು ಆ ದಶಕದಲ್ಲಿ ಇದೊಂದೇ.

ಇಂಥದು ಸಾಧ್ಯವಾದದ್ದು ಕ್ಯಾಸೆಟ್ಟಿನಿಂದ. ಗ್ರಾಮೋಫೋನ್ ರೆಕಾರ್ಡು ಮಾಡಲು ದೊಡ್ಡ ಕಾರ್ಖಾನೆ ಬೇಕಿತ್ತು. ಕ್ಯಾಸೆಟ್ಟಿಗೆ ಒಂದು ಕೋಣೆ, ಎರಡು ಯಂತ್ರ ಸಾಕು. ಭಾರತದ ಕ್ಯಾಸೆಟ್ಟು ಸಂಸ್ಕೃತಿಯನ್ನು ಕುರಿತು 1993ರಲ್ಲಿ ಪುಸ್ತಕ ಬರೆದ ಅಮೆರಿಕದ ವಿದ್ವಾಂಸ ಪೀಟರ್ ಮ್ಯಾನ್ಯುಯೆಲ್, ಸಿನಿಮಾ ಸಂಗೀತದ ಏಕಚಕ್ರಾಧಿಪತ್ಯವನ್ನು ಅಲುಗಾಡಿಸಿದ್ದು ಈ ಅಗ್ಗದ ಟೇಪೇ ಎಂದಿದ್ದಾರೆ. ಅವರು ನೋಡಿದ್ದು ಹೆಚ್ಚಾಗಿ ಉತ್ತರ ಭಾರತವನ್ನು. ಆದರೆ ಸವದತ್ತಿ ಗುಡ್ಡದ ದಾರಿಯಲ್ಲಿ ಕಾಯಿ-ಕರ್ಪೂರದ ಅಂಗಡಿಗಳ ಪಕ್ಕದಲ್ಲೇ ಯಲ್ಲಮ್ಮನ ಹಾಡುಗಳ ಕ್ಯಾಸೆಟ್ಟಿನ ಅಂಗಡಿಗಳು ಎದ್ದದ್ದನ್ನು ಕಂಡವರಿಗೆ ಈ ಮಾತು ಹೊಸದಲ್ಲ.

ಯಲ್ಲಮ್ಮನ ಹಾಡೆಂದ ಮೇಲೆ ಸ್ವಲ್ಪ ನಿಲ್ಲಲೇಬೇಕು. ಭರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಗುಡ್ಡಕ್ಕೆ ಬರುವ ಜನರ ನಡುವೆ ಚೌಡಿಕೆಯ ಧ್ವನಿ ಇಲ್ಲದ ಜಾತ್ರೆಯನ್ನು ಊಹಿಸುವಂತಿಲ್ಲ. ತೊಗಲು ಬಿಗಿದ ಮರದ ಕೊಳಗದಂಥ ವಾದ್ಯ, ಅದಕ್ಕೊಂದು ತಂತಿ; ಎಡಗಂಕುಳಲ್ಲಿ ಇರುಕಿ ಬಲಗೈಯ ಕಡ್ಡಿಯಿಂದ ಮೀಟುತ್ತ ಜೋಗತಿಯರು ರೇಣುಕೆಯ ಕಥೆ ಹಾಡುತ್ತಾರೆ. ಎಂಬತ್ತರ ದಶಕ ಆ ಹಾಡಿಗೆ ಎರಡು ಕಡೆಯಿಂದ ಬಂತು. ಒಂದು ಕಡೆ ಕ್ಯಾಸೆಟ್ಟು ಯಲ್ಲಮ್ಮನ ಪದಗಳನ್ನು ಮನೆಮನೆಗೆ ಮುಟ್ಟಿಸಿತು, ಹೆಚ್ಚಾಗಿ ಕಲಿತ ಗಾಯಕರ ಕಂಠದಲ್ಲಿ, ಆರ್ಕೆಸ್ಟ್ರಾದ ಹಿಮ್ಮೇಳದಲ್ಲಿ. ಇನ್ನೊಂದು ಕಡೆ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ 1982ರ ಕಾಯಿದೆ ಬಂತು. ಅದು ಬರಲೇಬೇಕಾಗಿದ್ದ ಕಾಯಿದೆ. ಹಸುಳೆಯರಿಗೆ ಮುತ್ತು ಕಟ್ಟುವುದನ್ನು ಯಾವ ಹಾಡಿನ ಹೆಸರಿನಲ್ಲೂ ಸಮರ್ಥಿಸಲಾಗದು. ಆದರೆ ಚೌಡಿಕೆ ಹಿಡಿದವಳು ಯಾರೇ ಆಗಿರಲಿ ಅವಳತ್ತ ಅನುಮಾನದ ಕಣ್ಣು ಬೀಳತೊಡಗಿತು. ಹಾಡು ಮಾರುಕಟ್ಟೆಗೆ ಹೋಯಿತು, ಹಾಡಿದವಳು ಗುಡ್ಡದಲ್ಲೇ ಉಳಿದಳು. ಅವಳ ಹಾಡಿಗೆ ಯಾರೂ ಅಂಕಿ ಹಾಕಲಿಲ್ಲ. ಬೈಲಹೊಂಗಲದಲ್ಲೇ ನಡೆದ ಕೊಲೆಯ ಕಥೆಯಾದ ‘ಸಂಗ್ಯಾ ಬಾಳ್ಯಾ’ ಸಣ್ಣಾಟದ ಹಾಡುಗಳ ಅದೃಷ್ಟ ಸ್ವಲ್ಪ ಮೇಲು. ಆಟ ಇನ್ನೂ ನಡೆಯುತ್ತದೆ, ಕಂಬಾರರು ಅದನ್ನು ಆಧುನಿಕ ರಂಗಭೂಮಿಗೂ ತಂದರು. ‘ಶ್ರೀಕೃಷ್ಣ ಪಾರಿಜಾತ’ದ ಪದಗಳಿಗೆ ಬೈಲೂರಿನ ಬಸವಲಿಂಗಯ್ಯ ಹಿರೇಮಠರಂಥ ಹಾಡುಗಾರರು ಸಿಕ್ಕರು. 2022ರಲ್ಲಿ ಅವರೂ ತೀರಿಕೊಂಡರು.

ಈ ಪಟ್ಟಿಗೆ ಇನ್ನೂ ಒಂದು ದೊಡ್ಡ ಕೊರತೆಯಿದೆ. ರೆಕಾರ್ಡಿಂಗ್ ಅಂಗಡಿಗೆ ಹಾಳೆ ಹಿಡಿದು ಹೋದವರು ಗಂಡಸರು. ಹೆಂಗಸರು ಕೇಳಿದ್ದು ಗಂಡಸರು ಆರಿಸಿ ತಂದದ್ದನ್ನು. ಈ ಊರುಗಳ ತಾಯಂದಿರಿಗೆ ಸೇರಿದ ಹಾಡು ಯಾವುದೆಂದು ಆ ಕಾಲದಲ್ಲಿ ಕೇಳಿದ್ದರೆ ಉತ್ತರ ಬೇರೆಯೇ ಬರುತ್ತಿತ್ತು: ಬೀಸುವ ಕಲ್ಲಿನ ಹಾಡು, ಸೋಬಾನದ ಹಾಡು, ತೊಟ್ಟಿಲ ಹಾಡು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿತು, ಹಾಡು ಕಲ್ಲಿನೊಂದಿಗೆ ಹೋಯಿತು. ರಾಶಿಯ ಯಂತ್ರ ಬಂದ ಮೇಲೆ ಗಂಡಸರ ಹಂತಿಯ ಹಾಡಿಗೂ ಅದೇ ಗತಿ. ಕೆಲಸ ನಿಂತರೆ ಕೆಲಸದ ಹಾಡು ನಿಲ್ಲುತ್ತದೆ, ಅದಕ್ಕೆ ಸಿನಿಮಾವನ್ನು ದೂರಿ ಫಲವಿಲ್ಲ.

ಆದರೆ ಎಲ್ಲವೂ ಹೋಗಿಲ್ಲದಿರಬಹುದು. ಆ ಕಾಲದ ಟೂ-ಇನ್-ಒನ್ ಯಂತ್ರದಲ್ಲಿ ಕೆಂಪು ಗುಂಡಿಯೊಂದಿತ್ತು. ಅದನ್ನು ಒತ್ತಿದರೆ ಮನೆಯ ಮಾತೆಲ್ಲ ದಾಖಲಾಗುತ್ತಿತ್ತು. ಹೊಸದಾಗಿ ಯಂತ್ರ ತಂದ ಮನೆಗಳಲ್ಲಿ ಆ ಗುಂಡಿಯನ್ನು ಒತ್ತಿ ಕೂಸಿನ ತೊದಲು, ಅಜ್ಜಿಯ ಹಾಡು, ಸೋದರತ್ತೆಯ ಒಡಪು ಹಿಡಿದಿಡುವುದು ಒಂದು ಆಟವಾಗಿತ್ತು. ಖಾಲಿ ಕ್ಯಾಸೆಟ್ಟು ತರುವ ಖರ್ಚೇಕೆಂದು ಸಿನಿಮಾ ಹಾಡಿನ ಕ್ಯಾಸೆಟ್ಟಿನ ಬಿ ಬದಿಯ ಕೊನೆಯಲ್ಲಿ ಉಳಿದ ಜಾಗದಲ್ಲೇ ಇವೆಲ್ಲ ಕೂತಿವೆ. ಹೊರಗಿನ ಚೀಟಿಯ ಮೇಲೆ ‘ಪ್ರೇಮಲೋಕ’ ಎಂದಿರುತ್ತದೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಅಂಥ ಟೇಪು ಇದ್ದವರು ಅದನ್ನು ಗುಜರಿಗೆ ಹಾಕುವ ಮುನ್ನ ಕೆಲವು ಸಂಗತಿಗಳನ್ನು ಗಮನಿಸಬೇಕು. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಹಾಗೇ ಯಂತ್ರಕ್ಕೆ ಹಾಕಬಾರದು, ಬಲ್ಲವರಿಂದ ಒರೆಸಿಸಬೇಕು. ಬೂಷ್ಟಿಲ್ಲದಿದ್ದರೆ ಮೊದಲು ಪೆನ್ಸಿಲ್ಲನ್ನೋ ಆರುಮೂಲೆಯ ಪೆನ್ನನ್ನೋ ತೂತಿಗೆ ಸಿಕ್ಕಿಸಿ ಕೈಯಿಂದಲೇ ನಾಲ್ಕು ಸುತ್ತು ತಿರುವಿ ಸಡಿಲಾಗಿದೆಯೇ ನೋಡಬೇಕು; ಅಂಟಿಕೊಂಡ ಟೇಪು ಯಂತ್ರದಲ್ಲಿ ಎಳೆದ ಕೂಡಲೇ ತುಂಡಾಗುತ್ತದೆ. ಕ್ಯಾಸೆಟ್ಟಿನ ಹಿಂಬದಿಯಲ್ಲಿರುವ ಎರಡು ಚಿಕ್ಕ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದುಬಿಟ್ಟರೆ ಯಾರೂ ತಪ್ಪಿ ಅದರ ಮೇಲೆ ಬೇರೇನನ್ನೂ ದಾಖಲಿಸಲಾರರು. ಯಂತ್ರದ ಇಯರ್‌ಫೋನಿನ ತೂತಿನಿಂದ ಕಂಪ್ಯೂಟರಿಗೆ ಒಂದು ವಾಯರು ಕೊಟ್ಟರೆ ಧ್ವನಿಯನ್ನು ಇಳಿಸಿಕೊಳ್ಳಬಹುದು, ದೊಡ್ಡ ಖರ್ಚಿನ ಕೆಲಸವಲ್ಲ. ಎ ಬದಿ ಮುಗಿದ ಮೇಲೆ ತೆಗೆಯದೆ ಬಿ ಬದಿಯನ್ನೂ ಪೂರ್ತಿ ಓಡಿಸಬೇಕು. ಹಾಡು ನಿಂತ ಮೇಲೆ ಬರುವ ಸುಯ್ಯೆಂಬ ಸದ್ದಿನಾಚೆಗೂ, ಟೇಪು ತಾನಾಗಿ ‘ಟಕ್’ ಎಂದು ನಿಲ್ಲುವವರೆಗೆ.